ಹಾಲೇಶಣ್ಣ ಮುಟ್ಟದ ಕೇಬಲ್

ಹಾಲೇಶಣ್ಣ, ಆ ಕೇಬಲ್ ಕಿತ್ತವರು ನೀವಲ್ಲ. ಅದು ನನಗೆ ಗೊತ್ತಿತ್ತು — ನಾಲ್ಕು ವರ್ಷದ ಹಿಂದೆ ನಿಮ್ಮನ್ನು ನೀರುಗಂಟಿ ಕೆಲಸದಿಂದ ತೆಗೆದ ದಿನವೂ ಗೊತ್ತಿತ್ತು.

ನ್ಯಾಮತಿ ಕಡೆಯ ನಿಮ್ಮೂರಿನ ಪಂಪ್‌ಹೌಸಿನಲ್ಲಿ ಆ ಪೆಟ್ಟಿಗೆ ಕೂರಿಸಿದವನು ನಾನೇ. ಅದರೊಳಗಿನ ಸಣ್ಣ ಲಿನಕ್ಸ್ ಕಂಪ್ಯೂಟರ್ ಬೋರ್ಡು, ಮೋಟರ್ ಎಷ್ಟು ಹೊತ್ತು ಓಡಿತು ಎಂಬುದನ್ನು ಕೇಬಲ್ ಮೂಲಕ ನೀರು ಸರಬರಾಜಿನ ಕಚೇರಿಗೆ ತಿಳಿಸಬೇಕಿತ್ತು. ನಿಮ್ಮಲ್ಲಿ ದಿನಕ್ಕೆ ಎರಡು ಮೂರು ಸಲ ಸಂಪರ್ಕ ಕಡಿದುಹೋಗುತ್ತಿತ್ತು. ಕಚೇರಿಯವರಿಗೆ ಅನುಮಾನ ಬಂತು — ಊರಿಗೆ ನೀರು ಬಿಡುವ ನೀರುಗಂಟಿಯೇ ಕೇಬಲ್ ಕಿತ್ತಿಟ್ಟು, ಕದ್ದು ಯಾರದೋ ತೋಟಕ್ಕೆ ನೀರು ಹರಿಸುತ್ತಿದ್ದಾನೆ ಎಂದು.

ನಾನು ಚನ್ನಗಿರಿಯಿಂದ ಬಂದು ಪ್ಲಗ್ ಬದಲಿಸಿದೆ, ಕೇಬಲ್ ಸಂಪರ್ಕದ ವೇಗವನ್ನು ನೂರರಿಂದ ಹತ್ತಕ್ಕೆ ಇಳಿಸಿದೆ, ಕೊನೆಗೆ ಬೋರ್ಡನ್ನೇ ಬದಲಿಸಿದೆ. ಬಂದಾಗಲೆಲ್ಲ ತ್ರೀ ಫೇಸ್ ಕರೆಂಟ್ ಇರುತ್ತಿರಲಿಲ್ಲ. ಮೋಟರ್ ನಿಂತಿರುತ್ತಿತ್ತು, ಬ್ಯಾಟರಿಯ ಮೇಲೆ ಬೋರ್ಡು ಮಾತ್ರ ಚೆನ್ನಾಗಿ ಓಡುತ್ತಿತ್ತು.

"ಕರೆಂಟ್ ಇದ್ದಾಗ ಬರ್ರಿ ಸರ್. ಮೋಟರ್ ಸುರು ಆದ ಕೂಡ್ಲೆ ಹಸಿರು ಲೈಟ್ ಆರತೈತೆ," ಎಂದು ನೀವೇ ಹೇಳಿದಿರಿ.

ಒಂದು ಬೆಳಿಗ್ಗೆ ಬಂದೆ. ನೀವು ಆ ಕಡೆ ಗೋಡೆಯ ಸ್ಟಾರ್ಟರ್ ಒತ್ತಿದಿರಿ. ನಾನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಸಂಪರ್ಕ ಇದೆ ಎಂದು ತೋರಿಸುವ ಹಸಿರು ದೀಪ ಆರಿತು. ಯಾರ ಕೈಯೂ ಕೇಬಲ್ಲಿನ ಹತ್ತಿರ ಇರಲಿಲ್ಲ.

ತಪ್ಪು ನನ್ನದೇ ಎಂದು ಆಗಲೇ ಹೊಳೆಯಿತು. ನೆಲ ಅಗೆದು ಕೇಬಲ್ಲಿಗೆ ಬೇರೆ ಪೈಪ್ ಹಾಕಬೇಕಿತ್ತು — ಮೈಗಳ್ಳ ನಾನು, ಮೋಟರಿನ ಕರೆಂಟ್ ವೈರ್ ಇದ್ದ ಪೈಪಿನೊಳಗೇ ತೂರಿಸಿದ್ದೆ. ಮೋಟರ್ ಕರೆಂಟ್ ಎಳೆದ ಏಟಿಗೆ ಸಂಪರ್ಕ ಕಡಿಯುತ್ತಿತ್ತು. ಇದನ್ನು ನಿಮಗೆ ಹೇಳಲಿಲ್ಲ. "ನೋಡ್ತೀನಿ ಬಿಡ್ರಿ," ಎಂದು ಎದ್ದು ಬಂದೆ.

ನಿಮ್ಮ ವಿಚಾರಣೆಗೆಂದು ಹೊನ್ನಾಳಿಯಲ್ಲಿ ಕರೆದ ಸಭೆಯಲ್ಲಿ ಕಚೇರಿಯ ಸಾಹೇಬರು ಬೋರ್ಡಿನ ದಾಖಲೆ ಓದಲು ಹೇಳಿದರು. ಅದರಲ್ಲಿದ್ದದ್ದು ಇಷ್ಟೇ — ಲಿಂಕ್ ಡೌನ್, ಲಿಂಕ್ ಡೌನ್, ಅಂದರೆ ಸಂಪರ್ಕ ಕಡಿದಿದೆ ಎಂದಷ್ಟೇ. ಕೇಬಲ್ ಕಿತ್ತರೂ ಅದೇ ಬರುತ್ತದೆ, ಕೇಬಲ್ ಹಾಳಾದರೂ ಅದೇ. ನೀವು ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದಿರಿ.

"ನೀವೇ ಹೇಳ್ರಿ ಸರ್. ನಾನು ಮುಟ್ಟಿಲ್ಲ ಅನ್ನಾದು ನೀವೇ ಕಣ್ಣಾರೆ ನೋಡೀರಲ್ರೀ."

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಮಾತು — ಒಂದೇ ಒಂದು ಮಾತು ಸಾಕಿತ್ತು...

"ಯಾರೋ ಕೇಬಲ್ ತೆಗೀತಿದಾರೆ ಸರ್," ಎಂದೆ.

ನಿಮ್ಮನ್ನು ತೆಗೆದ ವಾರವೇ ಗುಟ್ಟಾಗಿ ಹೋಗಿ ಬೇರೆ ಪೈಪಿನಲ್ಲಿ ಹೊಸ ಕೇಬಲ್ ಎಳೆದೆ. ತಪ್ಪು ತಿದ್ದಿಕೊಂಡೆ ಎಂದುಕೊಂಡಿದ್ದೆ, ಥೂ! ಅಂದಿನಿಂದ ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ. ಕಚೇರಿಯವರಿಗೆ ಅದೇ ಸಾಕ್ಷಿಯಾಯಿತು — "ಅವನು ಹೋದ, ಕಾಟ ತಪ್ಪಿತು ನೋಡ್ರಿ." ನಿಮ್ಮೂರಿನವರೂ ನಂಬಿದರು.

ಮೊನ್ನೆ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಮುಖ ತಪ್ಪಿಸುವಷ್ಟರಲ್ಲಿ ನೀವೇ ಎದುರು ಬಂದಿರಿ. ಬೈಯುತ್ತೀರಿ ಎಂದುಕೊಂಡೆ. ಬೈದಿದ್ದರೆ...

"ನಾನ್ ಬಿಟ್ ಮ್ಯಾಲೆ ಒಂದ್ ಸಲಾನೂ ಕೆಟ್ಟಿಲ್ಲಂತಲ್ರೀ ಸರ್. ನನಗೇ ಗೊತ್ತಾಗ್ದಂಗೆ ಕೈಗಿಯಿ ತಾಕ್ತಿತ್ತೇನೋ. ಸುಮ್ನೆ ನಿಮ್ ಮ್ಯಾಲೆ ಸಿಟ್ಟು ಇಟ್ಕೊಂಡಿದ್ದೆ. ತಪ್ಪು ತಿಳೀಬ್ಯಾಡ್ರಿ."

ನನ್ನ ಹತ್ತಿರ ಕ್ಷಮೆ ಕೇಳಿದಿರಿ ಹಾಲೇಶಣ್ಣ — ನೀವು! ನಾನು ಆಗಲೂ ನಿಜ ಮುಚ್ಚಿಟ್ಟು ಬಸ್ ಹತ್ತಿಬಿಟ್ಟೆ.

ಈಗ ಜಗಳೂರು ಕಡೆಯ ಇನ್ನೊಬ್ಬ ನೀರುಗಂಟಿಯ ಮೇಲೆ ಅದೇ ದೂರು ಎದ್ದಿದೆ. ಅವನನ್ನು ತೆಗೆಯಲು ನಿಮ್ಮ ಕಡತವನ್ನೇ ಮಾದರಿ ಎಂದು ಮೇಜಿನ ಮೇಲೆ ಇಟ್ಟಿದ್ದಾರೆ. ದಾಖಲೆ ಓದಲು ಸೋಮವಾರ ನನಗೆ ಕರೆ ಬಂದಿದೆ. ಅಲ್ಲಿ ಕೇಬಲ್ ಎಳೆದವನೂ ನಾನೇ, ಅದೂ ಕರೆಂಟಿನ ಪೈಪಿನೊಳಗೇ ಇದೆ. ಹಾಗೆ ಎಳೆದದ್ದು ಇನ್ನೆಷ್ಟು ಊರುಗಳಲ್ಲಿ ಎಂದು ನನಗೇ ಲೆಕ್ಕ ಸಿಗುತ್ತಿಲ್ಲ.

ಸಾಹೇಬರಿಗೆ ಎಲ್ಲವನ್ನೂ ಬರೆದು ಸಹಿ ಹಾಕಿದ್ದೇನೆ. ಸೋಮವಾರ ಅದನ್ನು ಕೊಡುವ ಮೊದಲು, ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಟ್ಯಾಂಕಿನ ಹತ್ತಿರ ಜನ ನೀರು ಹಿಡಿಯಲು ಸೇರಿದ ಹೊತ್ತಿಗೆ, ನಿಮ್ಮನ್ನು ಕಳ್ಳ ಎಂದವರೆಲ್ಲರ ಎದುರಿಗೇ ನಿಮಗೆ ಬರೆದ ಈ ಕಾಗದ ಓದುತ್ತೇನೆ. ಓದಿ ಮುಗಿಸಿದ ಮೇಲೆ ನೀವು ಏನಂದರೂ ನಿಂತು ಕೇಳುತ್ತೇನೆ.