ಉಪ್ಪು ಬಿಡುವ ಇಟ್ಟಿಗೆ

ಮಾನಂದವಾಡಿಯ ನಮ್ಮ ಬಾಗಿಲಿಗೆ ಒತ್ತಾಗಿಟ್ಟ ಹಳೇ ಇಟ್ಟಿಗೆ ಈ ಬೆಳಿಗ್ಗೆ ಮತ್ತೆ ಬೆಳ್ಳಗಾಗಿತ್ತು. ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದರೆ ಸಾಕು, ಮೈಗೆಲ್ಲ ಬೂದಿ ಬಳಿದಂತೆ ಉಪ್ಪು ಏಳುತ್ತದೆ.

ಅದು ಕಾಡಂಚಿನ ಚೇಕಾಡಿಯ ಸಣ್ಣತ್ತೆಯ ಮನೆಯದು. ಮನೆ ಅಂದರೆ ದೊಡ್ಡದೇನಲ್ಲ ಸ್ವಾಮಿ. ಎರಡು ಕೋಣೆ, ಒಂದು ಜಗಲಿ, ಗದ್ದೆಮಣ್ಣನ್ನು ಅಚ್ಚು ಹಾಕಿ ಮಾವನೇ ಸುಟ್ಟ ಇಟ್ಟಿಗೆ, ನಡುವೆ ಕೆಸರಿನ ಗಾರೆ. ಬಾಗಿಲು ಎಷ್ಟು ಗಿಡ್ಡವೆಂದರೆ ನಾನು ಹೋದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದೆ. “ಬಗ್ಗು ಮಾರಾಯ, ಬಾಗಿಲಿಗೇನು ಗೊತ್ತು ನಿನ್ನ ಬಿ.ಎ.?” ಎಂದು ಮಾವ ನಗುತ್ತಿದ್ದರು.

ಗಾರೆಗೆ ಉಪ್ಪು ಕಲಸುವುದು ಕೋಟೆ ತಾಲೂಕಿನ ನಮ್ಮ ಬಯಲೂರಿನ, ಅತ್ತೆಯ ತವರಿನ ರೂಢಿ. ಗೆದ್ದಲಿಗೆ ಅದೇ ಮದ್ದು. ಮಾವನಿಗೆ ಮನಸ್ಸಿರಲಿಲ್ಲ. “ಮನೆ ಕಟ್ತೀಯೋ, ಉಪ್ಪಿನಕಾಯಿ ಹಾಕ್ತೀಯೋ?” ಎಂದಿದ್ದರಂತೆ. ಅತ್ತೆ ಹಟ ಹಿಡಿದು ಮೂಟೆ ತರಿಸಿದಳು. ಗೆದ್ದಲು ಹತ್ತಲಿಲ್ಲ, ನಿಜ. ಆದರೆ ಬಯಲೂರಿನಲ್ಲಿ ಆನೆ ಇರಲಿಲ್ಲ.

ಆನೆ ಬಂದುಹೋದ ಬೆಳಿಗ್ಗೆ ನಾನು ಓಡಿದೆ. ಅದು ಕೆಡವಿದ ಗೋಡೆಯಡಿ ಸಿಕ್ಕಿ ಸತ್ತ ಮಾವನನ್ನು ಆಗಲೇ ಅಂಗಳದಲ್ಲಿ ಮಲಗಿಸಿದ್ದರು. ಹಿತ್ತಲ ಹಲಸು ಹಣ್ಣಾಗಿ ನಾರುತ್ತಿತ್ತು, ಆನೆ ಮುಟ್ಟಿರಲಿಲ್ಲ. ಬಾಳೆ ಮುಟ್ಟಿರಲಿಲ್ಲ. ಬಿದ್ದ ಇಟ್ಟಿಗೆಗಳ ಗಾರೆ ಮಾತ್ರ ನೆಕ್ಕಿ ನೆಕ್ಕಿ ನುಣ್ಣಗಾಗಿತ್ತು. ಅತ್ತೆ ಒಂದನ್ನೆತ್ತಿ ನಾಲಗೆಗೆ ಮುಟ್ಟಿಸಿದಳು.

“ಕರೆದದ್ದು ನಾನೇ ಕಣೋ.”

ಅಷ್ಟೇ. ಅಳಲಿಲ್ಲ.

ಉಳಿದ ಗೋಡೆಗಳನ್ನೂ ಅವಳೇ ಕೆಡವಿಸಿದಳು. ಇನ್ನೊಂದು ಆನೆ ಬರುವುದರೊಳಗೆ ಆ ಉಪ್ಪು ಊರಲ್ಲಿ ಉಳಿಯಬಾರದು, ಅದೊಂದೇ ಹಟ. ದಿನಾ ಬುಟ್ಟಿ ಹೊತ್ತು ಇಟ್ಟಿಗೆಗಳನ್ನು ಹೊಳೆಗೆ ಸುರಿದಳು. ತಲೆ ಕೆಟ್ಟಿದೆ ಎಂದರು ಜನ. ಪಕ್ಕದ ವರ್ಕಿ ಬೇಡಿಕೊಂಡ: “ಚೇಚಿ, ಒಳ್ಳೇ ಇಟ್ಟಿಗೆ, ಕೋಳಿಗೂಡಿಗಾದ್ರೂ ಕೊಡಿ.”

“ಕೋಳಿಗೆ ನರಿ ಸಾಕು ವರ್ಕಿ, ಆನೆ ಯಾಕೆ?”

ನನಗೊಂದು ಕೊಟ್ಟಳು, ನೆನಪಿಗೆಂದು ನಾನು ಕಾಡಿದ್ದಕ್ಕೆ. “ಪೇಟೇಲಿ ಇಟ್ಕೊ. ಹೊಳೆಗೆ ಹಾಕೋದ್ರಲ್ಲಿ ಇದೂ ಒಂದು, ಮರೀಬೇಡ.”

ಅತ್ತೆ ಹೋಗಿ ವರ್ಷಗಳಾದವು. ಗಾಳಿಗೆ ಬಾಗಿಲು ಬಡಿಯದಿರಲೆಂದು ನಾನು ಅವಳ ಸಂಕಟವನ್ನು ಒತ್ತುಕೊಟ್ಟು ಕೂತಿದ್ದೆ. ಈ ಬೆಳಿಗ್ಗೆ ಯಾಕೋ ಅದನ್ನು ದಾಟಿ ಒಳಬರಲಾಗಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಚೇಕಾಡಿಯ ಬಸ್ಸು ಹತ್ತಿದೆ.

“ಏನು ಚೇಟ್ಟಾ, ಮನೆ ಕಟ್ಟಿಸ್ತಿದ್ದೀರಾ?” ಕಂಡಕ್ಟರ್ ನಕ್ಕ.

“ಇಲ್ಲಪ್ಪ. ಒಂದು ಕೆಡವೋದು ಬಾಕಿ ಇತ್ತು.”

ಹೊಳೆಯ ನೀರಿಗಿಟ್ಟ ಇಟ್ಟಿಗೆ ಬಹಳ ಹೊತ್ತು ಗುಳ್ಳೆ ಬಿಟ್ಟಿತು. ಅದು ನಿಂತ ಮೇಲೆ ಕಾಲಡಿ ನೋಡಿದೆ. ಕೆಸರಿನಲ್ಲಿ ಆನೆಯ ಹೆಜ್ಜೆ, ಇನ್ನೂ ಹಸಿ, ಆ ಉಪ್ಪು ಉಳಿಯದ ಊರ ಕಡೆಗೆ.