ಕಾಡಿನ ದಾರಿ, ಉಪವಾಸದ ಅಜ್ಜಿ

ಬೈರಿದೇವರಕೊಪ್ಪದ ನಮ್ಮ ಮನೆಯಿಂದ ಕಾರವಾರಕ್ಕೆ ಹೊರಟವರು ದೊಡ್ಡ ರಸ್ತೆಗೆ ಬಂದ ಕೂಡಲೇ ಹುಬ್ಬಳ್ಳಿ ಕಡೆ ಹೊರಳಬೇಕು. ಅಪ್ಪ ವ್ಯಾನನ್ನು ಧಾರವಾಡದ ಕಡೆ ಹೊರಳಿಸಿದ. ಬೆಳಗಿನ ಐದು ಗಂಟೆ. ಹಿಂದಿನ ಸೀಟಿನಲ್ಲಿ ನಾನು, ತಮ್ಮ, ನಮ್ಮಿಬ್ಬರ ನಡುವೆ ಅಜ್ಜಿ. ಮುಂದೆ ಕೂತಿದ್ದ ಅವ್ವನಿಗೆ ಮಾತ್ರ ತಕ್ಷಣ ಗೊತ್ತಾಯಿತು.

"ಏನ್ರೀ, ಹಾದಿ ತಪ್ಪೇತಲ್ರಿ."

"ತಪ್ಪಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ ಮ್ಯಾಲಿಂದ ಹೋಗೂದು. ಪೂರಾ ಕಾಡ ಹಾದಿ. ಭಾಳ ಛಂದ ಐತಂತ."

"ಮತ್ತ ಅತ್ತಿಯವರ ಪೂಜಾ?"

"ಒಂದ ತಾಸ ತಡಾ ಆಗತೈತಿ, ಅಷ್ಟ."

ಅಜ್ಜಿಯ ಪೂಜೆ ಎಂದರೆ ಲಿಂಗಪೂಜೆ. ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜಿಸುವವರೆಗೆ ಅವಳು ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಜ್ವರ ಬಂದಾಗಲೂ ಇಲ್ಲ. ಮನೆಯಲ್ಲಾದರೆ ಅದೆಲ್ಲ ಆರು ಗಂಟೆಗೇ ಮುಗಿದು, ನಾವು ಏಳುವಷ್ಟರಲ್ಲಿ ಅವಳ ಚಹಾ ಆಗಿರುತ್ತಿತ್ತು. ಆದರೆ ಎಪ್ಪತ್ತು ದಾಟಿದರೂ ಅವಳು ಸಮುದ್ರ ನೋಡಿರಲಿಲ್ಲ. ಅಪ್ಪ ಹಳೆಯ ವ್ಯಾನ್ ಕೊಂಡು, ದಸರೆಯ ರಜೆಗೆ ಕಾರವಾರದ ಸೋದರತ್ತೆಯ ಮನೆಗೆ ಹೋಗೋಣ ಎಂದಾಗ ಅಜ್ಜಿ ಸಂಕಲ್ಪ ಮಾಡಿಬಿಟ್ಟಳು: "ಅವತ್ತಿನ ಜಳಕಾ, ಪೂಜಾ ಎಲ್ಲಾ ಸಮುದ್ರದ ದಂಡಿಗೇ." ಒಂಬತ್ತಕ್ಕೆ ಮುಟ್ಟಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಮಾತು ಕೊಟ್ಟ ಮೇಲೆ ಅಮರಗೋಳದ ಮಾರುಕಟ್ಟೆಯಲ್ಲಿ ಯಾರೋ ಲಾರಿ ಡ್ರೈವರ್ ಅವನ ತಲೆಯಲ್ಲಿ ಈ ಕಾಡಿನ ದಾರಿ ತುಂಬಿದ್ದ. ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು.

ನಾನು ಅಪ್ಪನ ಪಕ್ಷ. ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು? ಹನ್ನೊಂದು ವರ್ಷದವಳು, ಕಾಡು ಎಂಬುದನ್ನು ಪಾಠದ ಪುಸ್ತಕದ ಚಿತ್ರದಲ್ಲಿ ಕಂಡವಳು. ನಾವು ಎರೆಹೊಲದ ಮಂದಿ. ನಮ್ಮ ಕಡೆ ನಾಲ್ಕು ಬೇವಿನ ಮರ ಒಟ್ಟಿಗೆ ನಿಂತರೆ ಅದೇ ದೊಡ್ಡ ತೋಪು. ಹಳಿಯಾಳ ದಾಟಿ ಸ್ವಲ್ಪ ಹೊತ್ತಿಗೆ ಎರಡೂ ಕಡೆ ಮರಗಳು ಒತ್ತಿಕೊಂಡು ಬಂದವು. ಬಿಸಿಲು ರಸ್ತೆಯ ಮೇಲೆ ಚೂರುಚೂರಾಗಿ ಬಿದ್ದಿತ್ತು. ಖುಷಿಗೆ ನಾನು ಕಿರುಚಿಯೇ ಬಿಟ್ಟೆ.

"ಅಪ್ಪಾ, ನಿಂದರಸು! ಅಲ್ಲಿ ನೋಡು ಹಕ್ಕಿ!"

ಇಷ್ಟುದ್ದ ಹಳದಿ ಕೊಕ್ಕು, ಹಾರಿದರೆ ರೆಕ್ಕೆಯ ಸದ್ದು ವ್ಯಾನಿನೊಳಗೆ ಕೇಳುತ್ತಿತ್ತು. ಅಪ್ಪ ನಿಲ್ಲಿಸಿದ. ಬಿದಿರಿನ ಮೆಳೆಗೆ ನಿಲ್ಲಿಸಿದ. ಮುಸುವಗಳಿಗೆ ನಿಲ್ಲಿಸಿದ. ಏನೂ ಇಲ್ಲದ ಕಡೆ "ಸುಮ್ನ ಕೇಳ್ರಿ, ಹ್ಯಾಂಗ ಸಪ್ಪಳಿಲ್ಲ" ಎಂದು ಎಂಜಿನ್ ಆರಿಸಿಯೂ ನಿಲ್ಲಿಸಿದ. ಪ್ರತಿ ಸಲ ನಾನು ಅಜ್ಜಿಯ ಕೈ ಜಗ್ಗಿ ತೋರಿಸುತ್ತಿದ್ದೆ. ಅವಳು ನಾನು ತೋರಿಸಿದ ಕಡೆ ಮುಖ ಮಾಡಿ, "ಹೌದ ಯವ್ವಾ, ಛಲೋ ಐತಿ" ಎನ್ನುತ್ತಿದ್ದಳು.

ಒಂಬತ್ತಾಯಿತು. ಸಮುದ್ರ ಇನ್ನೂ ಎಲ್ಲಿಯೋ ಇತ್ತು. ಅವ್ವ ಬುತ್ತಿ ಬಿಚ್ಚಿ ನಮಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅಪ್ಪ ವ್ಯಾನಿನ ಹಿಂದೆ ಹೋಗಿ, ಅಜ್ಜಿಗೆ ಕಾಣದಂತೆ ಎರಡು ರೊಟ್ಟಿ ತಿಂದ. ಅವ್ವ ಮುಟ್ಟಲಿಲ್ಲ. ಅತ್ತೆ ಉಪವಾಸ ಕೂತಿರುವಾಗ ತಾನು ಹೇಗೆ ತಿನ್ನುವುದೆಂದು ಅವಳ ಲೆಕ್ಕ. ಅಪ್ಪನಿಗೆ ಬುದ್ಧಿ ಕಲಿಸುವ ಉಮೇದೂ ಅದರಲ್ಲಿ ಸ್ವಲ್ಪ ಇತ್ತೆಂದು ನನ್ನ ಗುಮಾನಿ.

"ಅತ್ತೀ, ಒಂದ ಗುಟಕ ನೀರರ ಕುಡೀರಿ."

"ನನಗೇನಾಗೇತಿ? ನೋಡ್ರಿ, ನೀವು ನೋಡ್ರಿ. ಹಾದಿ ಛಲೋ ಐತಿ."

ಜೋಯಿಡಾ ದಾಟಿ ಘಟ್ಟ ಇಳಿಯತೊಡಗಿದಾಗ ಹನ್ನೊಂದರ ಮೇಲಾಗಿತ್ತು. ಬಿದಿರು ತುಂಬಿದ ಲಾರಿಯೊಂದು ಮುಂದೆ ತೆವಳುತ್ತಿತ್ತು. ಒಂದು ತಿರುವಿನಲ್ಲಿ ಅಜ್ಜಿಯ ತಲೆ ನನ್ನ ಭುಜಕ್ಕೆ ಬಂದು ತಾಗಿತು. ನಿದ್ದೆ ಬಂದಿದೆ ಎಂದುಕೊಂಡೆ. ನೋಡಿದರೆ ಕಣ್ಣು ತೆರೆದೇ ಇದ್ದವು, ತುಟಿ ಒಣಗಿ ಬೆಳ್ಳಗಾಗಿತ್ತು. ನನಗೆ ಹೆದರಿಕೆಯಾಯಿತು. ಅಷ್ಟು ಸಲ ನಿಲ್ಲಿಸಿದ್ದರಲ್ಲಿ ಅರ್ಧ ನನ್ನ ಕೂಗಿಗೆ.

ಕೆಳಗೆ ಕಾಳಿ ಹೊಳೆ ಕಂಡಲ್ಲಿ ಅಪ್ಪ ತಾನಾಗಿಯೇ ನಿಲ್ಲಿಸಿದ. ಅವನ ದನಿ ಇಳಿದಿತ್ತು. "ಅವ್ವಾ, ಇಲ್ಲೇ ಜಳಕಾ ಮಾಡಿ ಪೂಜಾ ಮುಗಸು. ಇದೂ ಸಮುದ್ರಕ್ಕ ಹೋಗೂ ನೀರ."

"ಸಮುದ್ರ ಅಂದೀನಿ. ಹೊಳಿ ಅಂದಿಲ್ಲ. ನಡಿ."

ಮಗ ಯಾರನ್ನು ಹೋಲುತ್ತಾನೆ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಆಮೇಲೆ ಬಂಡೆಯ ಮೇಲಿಂದ ನೀರು ಧುಮುಕುವ ಜಾಗವೊಂದು ಬಂತು. ಬಾಯಿಗೆ ಬಂದ ಕೂಗನ್ನು ನಾನು ನುಂಗಿಕೊಂಡೆ. ಅಪ್ಪನೂ ಆ ಕಡೆ ನೋಡಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಸೇತುವೆ ಬಂತು, ಅದರಾಚೆ ಸಮುದ್ರ. ಸೋದರತ್ತೆಯ ಮನೆಗೂ ಹೋಗದೆ ನೇರ ದಂಡೆಗೆ ಹೋದೆವು. ಅವ್ವ ಕೈ ಹಿಡಿದುಕೊಂಡಳು, ಅಜ್ಜಿ ಸೀರೆಯಲ್ಲೇ ನೀರಿಗಿಳಿದಳು. ಮೊದಲ ತೆರೆಗೆ "ಶಿವಾ!" ಎಂದು ಕೂಗಿ, ಹಿಂದೆಯೇ ಉಪ್ಪುನೀರು ಉಗುಳಿ ನಕ್ಕಳು. ಬೆಡ್‌ಶೀಟಿನ ಮರೆಯಲ್ಲಿ ಒಣ ಸೀರೆ ಉಟ್ಟು, ವಿಭೂತಿ ಧರಿಸಿ, ಮರಳ ಮೇಲೆ ಕೂತು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ಎಂಟು ತಾಸಿನ ದಾರಿಯ ಮೇಲೂ ಪೂಜೆಯಲ್ಲಿ ಒಂದಿಷ್ಟೂ ಅವಸರ ಮಾಡಲಿಲ್ಲ. ನಾವು ನಾಲ್ವರೂ ಅವಳ ಸುತ್ತ ನಿಂತು ಕಾದೆವು.

ಮುಗಿಸಿ ಕಣ್ಣು ತೆರೆದವಳು ಸಮುದ್ರವನ್ನೂ ನೋಡಲಿಲ್ಲ. "ಬುತ್ತಿ ತಗಿ," ಎಂದಳು. ಮೂರು ರೊಟ್ಟಿ ತಿಂದಳು. ಅವ್ವನೂ ಪಕ್ಕದಲ್ಲಿ ಕೂತು ತಿಂದಳು. ಅಪ್ಪ ನೀರು ಬಗ್ಗಿಸಿ ಕೊಡುತ್ತಾ ಕೂತಿದ್ದ.

ಮೂರು ದಿನದ ಮೇಲೆ ವಾಪಸು ಹೊರಟೆವು. ಅಪ್ಪ ಪೆಟ್ಟು ತಿಂದವನಂತೆ ಸಣ್ಣ ದನಿಯಲ್ಲಿ, "ಸೀದಾ ಯಲ್ಲಾಪುರ ಮ್ಯಾಲಿಂದ ಹೋಗೂಣು" ಎಂದ. ಅಜ್ಜಿ ಅವತ್ತು ನಸುಕಿನಲ್ಲೇ ಎದ್ದು ಜಳಕ, ಪೂಜೆ, ಅತ್ತೆ ಮಾಡಿದ ಉಪ್ಪಿಟ್ಟು, ಎರಡು ಕಪ್ ಚಹಾ ಎಲ್ಲ ಮುಗಿಸಿದ್ದಳು. ಅವ್ವನನ್ನು ಹಿಂದೆ ಕಳಿಸಿ ತಾನೇ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಕಾಡ ಹಾದಿ ಹಿಡಿ."

"ಅದನ್ನ ನೋಡೀಯಲ್ಲವ್ವಾ."

"ಎಲ್ಲಿ ನೋಡೀನಿ? ಹೊಟ್ಟಿ ತಾಳ ಹಾಕಾಕತ್ತಿತ್ತು. ಗಿಡಾ ಯಾವದು, ಹಕ್ಕಿ ಯಾವದು, ಒಂದೂ ಕಣ್ಣಿಗೆ ಹತ್ತಲಿಲ್ಲ."

ನಾನು ಹಿಂದಿನಿಂದ ತಲೆ ತೂರಿಸಿದೆ. "ಮತ್ತ ಹಾದಿ ತುಂಬಾ ಛಲೋ ಐತಿ, ಛಲೋ ಐತಿ ಅಂದಿ?"

"ನೀವು ಅಷ್ಟ ಖುಷಿಲೇ ನೋಡಾಕತ್ತಿದ್ರಿ," ಎಂದಳು ಅಜ್ಜಿ.

ಅಪ್ಪ ವ್ಯಾನನ್ನು ಸೇತುವೆಯ ಕಡೆ ಹೊರಳಿಸಿದ. ಘಟ್ಟ ಇನ್ನೂ ಪೂರ್ತಿ ಏರಿರಲಿಲ್ಲ, ಅಜ್ಜಿ ಅವನ ತೋಳು ತಟ್ಟಿದಳು.

"ನಿಂದರಸು," ಎಂದಳು.