ಎರಡು ಗಜದ ಬೂದಿ ಗೆರೆ

ಆ ಗೆರೆ ಸರಿಸಿದವನು ನಾನು. ಖಾದರ್ ಸರ್ ಅಲ್ಲ. ಎರಡು ವರ್ಷದಿಂದ ಗಂಗಾವತಿಯ ಚಹಾದಂಗಡಿಗಳಲ್ಲಿ ಈ ಕಥೆ ಹೇಳಿ ಜನರನ್ನು ನಗಿಸಿದ್ದೇನೆ — ಈ ಒಂದು ಮಾತನ್ನು ಮಾತ್ರ ನುಂಗಿಕೊಂಡು.

ಸರ್ ಗೋವಾದ ಕ್ಲಬ್ಬೊಂದರಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ನಮಗೆ ಕಲಿಸತೊಡಗಿದರು. ಪಂದ್ಯದ ದಿನ ಬೆಳಿಗ್ಗೆ ರೈಸ್ ಮಿಲ್ಲಿನ ಬೂದಿ ತಂದು, ಮೂತಿ ಕತ್ತರಿಸಿದ ಹಳೆಯ ಕೆಟಲಿಯಿಂದ ಮೈದಾನದ ಗೆರೆಗಳನ್ನೆಲ್ಲ ತಾವೇ ಹಾಕುತ್ತಿದ್ದರು. ನಾವು ಕೈ ಚಾಚಿದರೆ, "ಗೆರಿ ನಾನ ಹಾಕ್ತೀನಿ. ತಪ್ಪಾದ್ರ ನಂದ ಆಗ್ಲಿ" ಎನ್ನುತ್ತಿದ್ದರು.

ನಾನು — ಪಂಪಾಪತಿ, ಆಗ ಹದಿನೈದು ವರ್ಷ — ತಂಡದ ಮುಂಚೂಣಿ ಆಟಗಾರ. ಗೋಲು ಹೊಡೆದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು. ಎದುರಾಳಿ ಪಕ್ಕದಲ್ಲಿ ಸೀನಿದರೂ ಮೂರು ಪಲ್ಟಿ ಹೊಡೆದು, ಹೇಮಗುಡ್ಡದವರೆಗೂ ಕೇಳುವಂತೆ ಚೀರುತ್ತಿದ್ದೆ. ಆದರೆ ಹಾಳಾದ್ದು, ಪ್ರತಿ ಸಲ ಗೋಲಿನ ಮುಂದಿನ ಪೆನಾಲ್ಟಿ ಗೆರೆಯ ಹೊರಗೇ ಬೀಳುತ್ತಿದ್ದೆ; ಒಳಗೆ ಬಿದ್ದರೆ ತಾನೇ ಪೆನಾಲ್ಟಿ!

"ಏ ನಾಟಕ ಕಂಪನಿ, ಏಳೋ. ಪರದೆ ಬಿತ್ತು!" ಎಂದು ಸರ್ ಕೂಗುತ್ತಿದ್ದರು.

ಕುಷ್ಟಗಿ ತಂಡ ಬಂದ ದಿನ ಸರ್ ಗೆರೆ ಮುಗಿಸಿ ಒಗ್ಗರಣಿ-ಮಿರ್ಚಿ ತಿನ್ನಲು ಹೋದರು. ಕೆಟಲಿ ಅಲ್ಲೇ ಇತ್ತು. ನನ್ನ ತಲೆ — ಇಂಥದ್ದಕ್ಕೆ ಮಾತ್ರ ಚುರುಕು — ಕೆಲಸ ಮಾಡಿತು. ಬೀಳುವ ಜಾಗ ಬದಲಾಯಿಸುವುದಕ್ಕಿಂತ ಗೆರೆಯನ್ನೇ ಬದಲಾಯಿಸುವುದು ಸುಲಭವಲ್ಲವೇ? ಒಂದು ಕಡೆಯ ಗೆರೆಯನ್ನು ಕಾಲಿನಿಂದ ಒರೆಸಿ, ಮೈದಾನದ ನಡುವಿನ ಕಡೆಗೆ ಎರಡು ಗಜ ಮುಂದೆ ಹೊಸದು ಹಾಕಿದೆ.

ಎರಡನೇ ಅರ್ಧದಲ್ಲಿ ಎಂದಿನ ಜಾಗದಲ್ಲೇ ಬಿದ್ದೆ — ಈಗ ಅದು ಗೆರೆಯ ಒಳಗಿತ್ತು. ಪೆನಾಲ್ಟಿ ಸಿಕ್ಕಿತು. ಗೆದ್ದೆವು. ಕುಷ್ಟಗಿಯ ತರಬೇತುದಾರರಿಗೆ ಅನುಮಾನ ಬಂದು ಟೇಪು ಹಿಡಿದರು.

"ಆ ಕಡಿ ಹದಿನೆಂಟು ಗಜ, ಈ ಕಡಿ ಇಪ್ಪತ್ತು! ಏನ್ರಿ ಖಾದರ್ ಸಾಹೇಬ್ರ, ಗೋವಾದಾಗ ಇದನ್ನ ಕಲ್ತು ಬಂದ್ರೇನು?"

ಸರ್ ಗೆರೆ ನೋಡಿದರು. ಆಮೇಲೆ ನಮ್ಮ ಕಾಲುಗಳನ್ನು — ಒಬ್ಬೊಬ್ಬರದಾಗಿ. ನನ್ನ ಬೂಟಿನ ತುದಿ ಬೂದಿಯಾಗಿತ್ತು. ಆದರೆ ಆಡಿದ ಎಲ್ಲರ ಬೂಟಿಗೂ ಬೂದಿ ಹತ್ತಿತ್ತಲ್ಲ... ನನ್ನ ಹತ್ತಿರ ಅವರ ಕಣ್ಣು ಒಂದು ಗಳಿಗೆ ಹೆಚ್ಚು ನಿಂತಿತೇ? ಆ ಅನುಮಾನ ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ.

"ಗೆರಿ ನಂದ ರೀ," ಎಂದರು. "ತಪ್ಪೂ ನಂದ."

ಜಿಲ್ಲಾ ತಂಡಕ್ಕೆ ತರಬೇತುದಾರರನ್ನು ಆರಿಸುವವರು ಅಂದು ಕೊಪ್ಪಳದಿಂದ ಸರ್ ಅವರನ್ನು ನೋಡಲೆಂದೇ ಬಂದಿದ್ದರು. ಇದನ್ನು ಕೇಳಿ ಎದ್ದು ಹೋದರು.

ನಾನಾದರೂ ಸುಮ್ಮನಿದ್ದೆನೇ? ಯಾರೂ ನನ್ನನ್ನು ಅನುಮಾನಿಸಬಾರದೆಂದು, ಸರ್ ಗೆರೆ ಸರಿಸಿದರೆಂಬ ಕಥೆಯನ್ನು ನಾನೇ ಮೊದಲು ಕಟ್ಟಿದೆ. ಚಹಾದಂಗಡಿಯಲ್ಲಿ ಎರಡು ಗಜ ಐದಾಯಿತು, ಐದು ಹತ್ತಾಯಿತು. "ಇನ್ನೊಂದೀಟು ಬೂದಿ ಸಿಕ್ಕಿದ್ರ ಗೆರಿ ನವಲಿ ಊರ ಮುಟ್ಟತಿತ್ತ ಬಿಡ್ರಿ!" ಎಂದೆ. ಜನ ಹೊಟ್ಟೆ ಹಿಡಿದು ನಕ್ಕರು. ನಗದವನನ್ನು ಕಂಡರೆ ನನಗೆ ಸಂಶಯ — ಇವನಿಗೆ ಗೊತ್ತಿರಬಹುದೇ? ಆಗ ಇನ್ನೊಂದಿಷ್ಟು ಉಪ್ಪು-ಖಾರ ಹಚ್ಚುತ್ತಿದ್ದೆ. ಒಬ್ಬೊಬ್ಬರಾಗಿ ಅಪ್ಪಂದಿರು ಮಕ್ಕಳನ್ನು ಮೈದಾನಕ್ಕೆ ಕಳಿಸುವುದನ್ನು ನಿಲ್ಲಿಸಿದರು. ಸರ್ ಈಗ ಅದೇ ರೈಸ್ ಮಿಲ್ಲಿನ ಗೇಟು ಕಾಯುತ್ತಾರೆ.

ಮೊನ್ನೆ ಅಲ್ಲಿಗೆ ಹೋದೆ. ನಗಿಸುತ್ತಲೇ ಶುರುಮಾಡಬೇಕೆಂದಿದ್ದೆ — ಆಗಲಿಲ್ಲ.

"ಸರ್, ಆ ಗೆರಿ ಸರಿಸಿದಾಂವ ನಾನ ರೀ."

ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಎಷ್ಟು ಸರಿಸಿದ್ದಿ?"

"ಎರಡು ಗಜ ರೀ."

"ಮತ್ತ ಊರಾಗ ಹತ್ತು ಅಂತಾರಲ್ಲೋ ಪಂಪ್ಯಾ?"

ಇದಕ್ಕೆ ನಾನು ತಯಾರಾಗಿ ಹೋಗಿರಲಿಲ್ಲ.

"ಅದೂ... ನಾನ ರೀ."

ಆಗ ಅವರ ಮುಖ ಬದಲಾಯಿತು. ಗೆರೆಯ ವಿಷಯ ಅವರಿಗೆ ಅಂದೇ ಗೊತ್ತಿತ್ತು; ಊರೆಲ್ಲ ಆ ಕಥೆ ಹಬ್ಬಿಸಿದವನೂ ನಾನೇ ಎಂಬುದು ಗೊತ್ತಿರಲಿಲ್ಲ. ಅಷ್ಟರಲ್ಲಿ ಲಾರಿ ಬಂತು. ನನಗೆ ಬೆನ್ನು ಮಾಡಿ, ಗೇಟು ತೆಗೆಯಲು ಕುಂಟುತ್ತ ಹೋದರು. ತಿರುಗಿ ಬರಲಿಲ್ಲ.

ಭಾನುವಾರ ಊರಿನ ಹೊಸ ತಂಡದ ಜೊತೆ ಆಡಲು ಕುಷ್ಟಗಿ ತಂಡ ಮತ್ತೆ ಬರುತ್ತದೆ. ಪಂದ್ಯಕ್ಕೆ ಮುಂಚೆ ಆ ಗೆರೆಯ ಮೇಲೆ ನಿಂತು ಎಲ್ಲರೆದುರು ಹೇಳುತ್ತೇನೆ. ಆಮೇಲೆ ಚಹಾದಂಗಡಿಗಳಿಗೂ ಹೋಗುತ್ತೇನೆ — ಒಂದನ್ನೂ ಬಿಡದೆ. ಯಾರೂ ನಗಲಿಕ್ಕಿಲ್ಲ. ಎರಡು ಗಜ. ಒಂದು ಇಂಚೂ ಹೆಚ್ಚಿಲ್ಲ.